ಧಾರಾವಾಹಿಯ ಮುದುಕನನ್ನು ನಾನು ಬದುಕಿಸಿದೆ

ನನ್ನ ಹೆಂಡತಿ ಶಕುಂತಲೆಯ ಬಲಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಜಾರಿ ಉಳಿದಿತ್ತು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಕೇಶ್ವಾಪುರದ ಕಾಯಿಪಲ್ಯದ ಅಂಗಡಿಯಿಂದ ಮನೆಯವರೆಗೆ ಹಾಗೇ ನಡೆದು ಬಂದಿದ್ದಳು. ಬಾಗಿಲಲ್ಲಿ ನಿಂತಿದ್ದ ನಾನು ನೋಡಿ ನಕ್ಕೆ.

"ಏನು, ಒಂದ ಚಪ್ಪಲಿ ಯಾರಿಗರೆ ದಾನಾ ಕೊಟ್ಟ ಬಂದಿ?"

ಅವಳು ಕೆಳಗೆ ನೋಡಿಕೊಂಡಳು. ನಗಲಿಲ್ಲ.

"ಮುಂಜಾನಿಂದ ಕಾಲು ಜುಂ ಅನ್ನಾಕತ್ತಾವ್ರೀ. ನೆಲಾ ಹತ್ತಿದ್ದ ಗೊತ್ತಾಗವಲ್ದು."

ಅದಕ್ಕೂ ಎರಡು ವಾರ ಮೊದಲು ಅವಳಿಗೆ ಮೂರು ದಿನ ಭೇದಿಯಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಯಾರಿಗೆ ಗೊತ್ತು? ಮರುದಿನ ಮನೆಯ ಮೆಟ್ಟಿಲು ಹತ್ತಲು ಆಗಲಿಲ್ಲ. ಅದರ ಮರುದಿನ ಚಹಾದ ಕಪ್ಪು ಕೈಯಿಂದ ಜಾರಿತು. ಅಂದೇ ಆಸ್ಪತ್ರೆಗೆ ಕರೆದೊಯ್ದೆ.

ನ್ಯೂರಾಲಜಿಸ್ಟ್ ಅವಳ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದರು. ಕಾಲು ಅಲುಗಲಿಲ್ಲ. ನರಗಳ ಪರೀಕ್ಷೆ, ಬೆನ್ನಿನ ನೀರಿನ ಪರೀಕ್ಷೆ ಮುಗಿದ ಮೇಲೆ ನನ್ನೊಬ್ಬನನ್ನೇ ಒಳಗೆ ಕರೆದರು. ಗಿಲಾನ್ ಬಾರೆ ಸಿಂಡ್ರೋಮ್ ಅಂದರು. ಭೇದಿಯ ಬೆನ್ನಿಗೆ ಕೆಲವೊಮ್ಮೆ ಮೈಯ ರೋಗನಿರೋಧಕ ಶಕ್ತಿ ತನ್ನ ನರಗಳ ಮೇಲ್ಪದರವನ್ನೇ ತಿನ್ನುತ್ತದಂತೆ. ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಮೂವತ್ತು ವರ್ಷದಿಂದ ಸುಟ್ಟ ಪಂಪ್‌ಸೆಟ್ ಮೋಟರುಗಳ ತಾಮ್ರದ ತಂತಿ ಬಿಚ್ಚಿ ಸುತ್ತುವವನು. ಹಾಗಾಗಿ ಕೇಳಿದೆ.

"ಒಳಗಿನ ತಂತಿ ಛಲೋ ಅದಾವೇನ್ರಿ ಸರ್? ಮ್ಯಾಲಿನ ಇನ್ಸುಲೇಶನ್ ಅಷ್ಟ ಹೋಗೇತೇನ್ರಿ?"

ಡಾಕ್ಟರು ಅದುವರೆಗೆ ಫೈಲ್ ನೋಡುತ್ತ ಮಾತಾಡುತ್ತಿದ್ದವರು ಮುಖ ಎತ್ತಿದರು. "ಬಹಳಷ್ಟು ಹಂಗ ಅನ್ರಿ. ಅದು ಮತ್ತ ಬೆಳೀತದ, ಆದ್ರ ಭಾಳ ನಿಧಾನ. ಅಲ್ಲೀ ತನಕಾ ಉಸಿರಾಟ ಕಾಯಬೇಕು."

ಇಷ್ಟು ಮಾತು ನಡೆಯುವಾಗ ಶಕುಂತಲೆ ಹೊರಗೆ ಸ್ಟ್ರೆಚರ್ ಮೇಲಿದ್ದಳು. ಅವಳ ಪಕ್ಕದಲ್ಲಿ ಗದಗದಿಂದ ಓಡಿಬಂದ ಅವಳ ಅಕ್ಕ ಸರೋಜಕ್ಕ. ನಾನು ಹೊರಬಂದದ್ದೇ ತಡ, ಸರೋಜಕ್ಕ ನನ್ನನ್ನು ಮೂಲೆಗೆ ಎಳೆದಳು.

"ಆಕೀಗೆ ಏನೂ ಹೇಳಬ್ಯಾಡ್ರಿ. ಮೊದಲ ಅಂಜುಬುರುಕಿ. ಹೆಸರು ಕೇಳೇ ಅರ್ಧಾ ಸಾಯತಾಳ."

ನಾನು ಒಪ್ಪಿದೆ. ನಮ್ಮ ಕಡೆ ಯಾರಿಗಾದರೂ ಜಡ್ಡು ಬಂದರೆ ಮೊದಲು ಮಾಡುವ ಉಪಚಾರವೇ ಇದು. ಇದ್ದ ಸಂಗತಿ ಊರಿಗೆಲ್ಲ ಗೊತ್ತಿರುತ್ತದೆ, ಹಾಸಿಗೆಯಲ್ಲಿದ್ದವರಿಗೆ ಮಾತ್ರ ಗೊತ್ತಿರಕೂಡದು. ನಮ್ಮಪ್ಪ ತನ್ನ ರೋಗದ ಹೆಸರು ತಿಳಿಯದೇ ತೀರಿಕೊಂಡ. ಕೊನೆಯವರೆಗೂ ಮುಚ್ಚಿಟ್ಟೆವೆಂದು ನಾವು ಹೆಮ್ಮೆಪಟ್ಟಿದ್ದೆವು. ಸ್ಟ್ರೆಚರ್ ಹತ್ತಿರ ಹೋಗಿ, "ವಿಟಮಿನ್ ಬಿ ಟ್ವೆಲ್ವ್ ಕಡಿಮಿ ಆಗೇತಂತ. ಸಲೈನ್ ಹಚ್ಚತಾರ, ಆರಾಮ ಆಗತಿ" ಅಂದೆ. ಅವಳು ನಂಬಿದಂತೆ ಕಾಣಿಸಿತು.

ಡಾಕ್ಟರು ದಿನವೂ ಅವಳಿಗೆ ಒಂದೇ ಉಸಿರಿನಲ್ಲಿ ಎಣಿಸಲು ಹೇಳುತ್ತಿದ್ದರು. ಮೊದಲ ದಿನ ಇಪ್ಪತ್ತೆಂಟರವರೆಗೆ ಹೋದಳು. ಮರುದಿನ ಹದಿನೇಳು. ಮೂರನೆಯ ದಿನ ಒಂಬತ್ತಕ್ಕೆ ನಿಂತಳು.

ಅಂದೇ ವೆಂಟಿಲೇಟರ್ ಹಾಕಿದರು.

ಐಸಿಯುದಲ್ಲಿ ಮುಂಜಾನೆ ಹನ್ನೊಂದಕ್ಕೆ ಹತ್ತು ನಿಮಿಷ, ಸಂಜೆ ಐದಕ್ಕೆ ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಬಾಯಿಯಲ್ಲಿ ನಳಿಕೆ. ಕೈಕಾಲು ಸತ್ತುಬಿದ್ದಿದ್ದವು. ಮುಖದ ಸ್ನಾಯುಗಳೂ ಸೋತು, ನಗು ಅಳು ಎರಡೂ ಇಲ್ಲದ ಮುಖವಾಗಿತ್ತು. ಕಣ್ಣುಗುಡ್ಡೆಗಳು ಮಾತ್ರ ತಿರುಗುತ್ತಿದ್ದವು. ಅಲ್ಲಿನ ಸಿಸ್ಟರ್ ಒಬ್ಬಳು, ಕಲಘಟಗಿ ಕಡೆಯ ಹುಡುಗಿ, ನನಗೆ ಹೇಳಿದಳು: "ಅವ್ರಿಗೆ ಎಲ್ಲಾ ಕೇಳಸ್ತೈತ್ರಿ ಕಾಕಾ. ಸುಮ್ನ ನಿಂದರಬ್ಯಾಡ್ರಿ, ಮಾತಾಡ್ರಿ."

ಏನು ಮಾತಾಡಲಿ? ದಿನವಿಡೀ ತಂತಿಯ ಕಾಯಿಲ್ ಜೊತೆ ಕೂಡುವ ಮನುಷ್ಯ ನಾನು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನನ್ನ ಮಾತೆಂದರೆ "ಚಹಾ ಆತೇನು", "ಉಪ್ಪು ಕಡಿಮಿ ಬಿದ್ದೈತಿ", "ನಾ ಬರ್ತೇನಿ". ಉಳಿದದ್ದನ್ನೆಲ್ಲ ಅವಳು ಮಾತಾಡುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಈಗ ಅವಳ ಬಾಯಿ ಮುಚ್ಚಿತ್ತು. ಬಾಜೂ ಮನೆಯ ನೀರಿನ ಟಾಕಿ ತುಂಬಿ ಹರಿದದ್ದನ್ನು ಹೇಳಿದೆ. ಅದು ಒಂದು ನಿಮಿಷದಲ್ಲಿ ಮುಗಿಯಿತು. ಉಳಿದ ಒಂಬತ್ತು ನಿಮಿಷ ಮಾನಿಟರ್ ನೋಡುತ್ತ ನಿಂತೆ.

ಸರೋಜಕ್ಕ ಅದಾದ ಮೇಲೆ ಮೂರು ದಿನವಿದ್ದು ಊರಿಗೆ ಹೋದಳು. ಆಮೇಲೆ ನಾನೊಬ್ಬನೇ. ಐಸಿಯು ಹೊರಗಿನ ಹಾಲ್‌ನಲ್ಲಿ ನಲವತ್ತು ಜನರಾದರೂ ಇರುತ್ತಿದ್ದೆವು. ಚಾಪೆ, ಟಿಫಿನ್ ಡಬ್ಬಿ, ಚಾರ್ಜರ್‌ಗಾಗಿ ಸಣ್ಣ ಜಗಳ. ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ನಾನು "ಆರನೇ ಬೆಡ್ಡಿನವರು". ಬಾಗಿಲು ತೆರೆದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. ಔಷಧಿ ಚೀಟಿ ಹಿಡಿದ ಕೈಯೊಂದು ಹೊರಗೆ ಬರುತ್ತಿತ್ತು; ಒಬ್ಬರು ಚೀಟಿ ತೆಗೆದುಕೊಂಡು ಓಡುತ್ತಿದ್ದರು, ಉಳಿದವರು ಮತ್ತೆ ಕೂಡುತ್ತಿದ್ದೆವು. ಸ್ನಾನಕ್ಕೆಂದು ಮನೆಗೆ ಹೋದರೆ ಇನ್ನೂ ಕಷ್ಟ. ಅಡುಗೆಮನೆಯಲ್ಲಿ ಎಲ್ಲ ಡಬ್ಬಿಗಳೂ ಅವಳು ಇಟ್ಟಂತೇ ಇದ್ದವು. ಸಕ್ಕರೆ ಯಾವುದರಲ್ಲಿದೆ ಎಂದು ಕೇಳಲು ಯಾರೂ ಇರಲಿಲ್ಲ. ಚಹಾ ಬಿಟ್ಟುಬಿಟ್ಟೆ.

ಆ ಹಾಲ್‌ನಲ್ಲಿ ಒಂದು ಟಿವಿ ಇತ್ತು. ಸಂಜೆ ಆರೂವರೆಗೆ ಒಂದು ಆಸ್ಪತ್ರೆಯ ಧಾರಾವಾಹಿ ಬರುತ್ತಿತ್ತು. ಶಕುಂತಲೆ ವರ್ಷಗಟ್ಟಲೆ ತಪ್ಪದೇ ನೋಡುತ್ತಿದ್ದದ್ದು ಅದನ್ನೇ. ಆಗ ನಾನು ಕಾಡಿಸುತ್ತಿದ್ದೆ, "ಈ ದವಾಖಾನ್ಯಾಗ ಕಸಾ ಹೊಡಿಯಾಕಿನೂ ಲಿಪ್‌ಸ್ಟಿಕ್ ಹಚ್ಚಕೊಂಡಿರ್ತಾಳಲ್ಲ!" ಅಂತ. ಈಗ ನೋಡಿದರೆ ಒಳಗೆ ತಮ್ಮ ಮನುಷ್ಯರನ್ನು ಮಲಗಿಸಿದ ನಲವತ್ತು ಮಂದಿಯೂ ತಲೆ ಎತ್ತಿ ಟಿವಿಯೊಳಗಿನ ಆಸ್ಪತ್ರೆಯನ್ನು ನೋಡುತ್ತಿದ್ದರು. ಇವರಿಗೆ ಇದ್ದ ಆಸ್ಪತ್ರೆ ಸಾಲದೇ ಎಂದು ಮೊದಲು ಸಿಟ್ಟು ಬಂತು.

ಮೂರನೆಯ ಸಂಜೆ ನನಗೆ ತಿಳಿಯಿತು. ಧಾರಾವಾಹಿಯಲ್ಲಿ ಡಾಕ್ಟರ್ ಹೊರಗೆ ಬರುತ್ತಾನೆ. ಮಾಸ್ಕ್ ತೆಗೆಯುತ್ತಾನೆ. ಮನೆಯವರ ಹೆಗಲ ಮೇಲೆ ಕೈಯಿಟ್ಟು, ಬದುಕಿದರೆ ಬದುಕಿದರು ಅನ್ನುತ್ತಾನೆ, ಸತ್ತರೆ ಸತ್ತರು ಅನ್ನುತ್ತಾನೆ. ರೋಗಿಯ ಹೆಸರು ಅವನಿಗೆ ಗೊತ್ತಿರುತ್ತದೆ. ಅರ್ಧ ಗಂಟೆಯೊಳಗೆ ಏನಾದರೊಂದು ಗೊತ್ತಾಗುತ್ತದೆ. ನಮ್ಮ ಡಾಕ್ಟರು ಒಳ್ಳೆಯವರೇ, ಆದರೆ ಅವರಿಗೆ ಆರನೇ ಬೆಡ್ ಒಂದೇ ಅಲ್ಲವಲ್ಲ. "ಸ್ಟೇಬಲ್ ಅದಾರ" ಎಂದು ಹೋಗಿಬಿಡುತ್ತಿದ್ದರು. ಆ ಒಂದು ಶಬ್ದವನ್ನು ಹಿಡಿದು ಇಡೀ ದಿನ ಕೂಡಬೇಕು. ಹಾಗಾಗಿ ಟಿವಿಯ ಡಾಕ್ಟರು ಯಾರದೋ ಹೆಗಲ ಮೇಲೆ ಕೈಯಿಟ್ಟರೆ ನಮ್ಮ ಮೇಲೆಯೇ ಇಟ್ಟಂತಾಗುತ್ತಿತ್ತು. ನಾನೂ ತಲೆ ಎತ್ತಿ ಕೂತೆ.

ಮರುದಿನ ಹನ್ನೊಂದಕ್ಕೆ ಒಳಗೆ ಹೋದಾಗ ನನ್ನ ಬಳಿ ಮಾತಿತ್ತು. ಹಿಂದಿನ ಸಂಜೆಯ ಕಥೆಯನ್ನೆಲ್ಲ ಹೇಳಿದೆ. ಹೆಸರುಗಳನ್ನು ಅದಲುಬದಲು ಮಾಡಿರಬೇಕು. ಆದರೂ ಅವಳ ಕಣ್ಣು ನನ್ನ ಮೇಲಿಂದ ಕದಲಲಿಲ್ಲ. ಆಮೇಲೆ ಅದೇ ನನ್ನ ಕೆಲಸವಾಯಿತು. ಸಂಜೆ ನೋಡುವುದು, ಮುಂಜಾನೆ ಹೇಳುವುದು. ಮೆತ್ತಗಿನ ದನಿಯಲ್ಲಿ, ಅವಳ ಹಣೆ ಸವರುತ್ತ ಹೇಳುತ್ತಿದ್ದೆ. ನನಗೆ ಅಷ್ಟು ಮೆತ್ತಗೆ ಮಾತಾಡಲು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಧಾರಾವಾಹಿಯಲ್ಲಿ ಆಗ ಒಬ್ಬ ಮುದುಕನಿದ್ದ. ಅವನಿಗೂ ವೆಂಟಿಲೇಟರ್. ನಾಲ್ಕು ಸಂಜೆ ಎಳೆದು ಗುರುವಾರ ಅವನನ್ನು ಸಾಯಿಸಿದರು. ಮಾನಿಟರಿನಲ್ಲಿ ಗೆರೆ ನೇರವಾಯಿತು, ಪಿಟೀಲು ಅತ್ತಿತು. ನನ್ನ ಪಕ್ಕದ ಹೆಣ್ಣುಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇದನ್ನು ಇವಳಿಗೆ ಹ್ಯಾಗೆ ಹೇಳುವುದು? ನಾನು ಮುದುಕನನ್ನು ಬದುಕಿಸಿದೆ.

"ಮುದುಕಗ ಆರಾಮ ಆತು. ಮನಿಗೆ ಹೋದ. ಮಗಳು ಕಾರ್ ತಗೊಂಡ ಬಂದಿದ್ಲು" ಅಂದೆ.

ಶಕುಂತಲೆ ನನ್ನನ್ನೇ ನೋಡಿದಳು. ಆಮೇಲೆ ಕಣ್ಣು ಗೋಡೆಯ ಕಡೆ ತಿರುಗಿಸಿದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ಸಂತೋಷಕ್ಕೆ ಅಂದುಕೊಂಡೆ. ನನ್ನಂಥ ಹುಚ್ಚ ಇನ್ನೊಬ್ಬನಿರಲಿಕ್ಕಿಲ್ಲ.

ಹನ್ನೆರಡನೆಯ ದಿನ ಗಂಟಲಿಗೆ ಸಣ್ಣ ತೂತು ಮಾಡಿ ಅಲ್ಲಿಂದಲೇ ಉಸಿರು ಕೊಡಬೇಕು, ಟ್ರೇಕಿಯಾಸ್ಟಮಿ, ಅಂದರು. ಸಹಿ ಹಾಕಿದೆ. ಅವಳಿಗೆ ಅದನ್ನೂ ಯಾರೂ ಹೇಳಲಿಲ್ಲ. ಅದಾದ ಮೇಲೆ ಮತ್ತಿನ ಔಷಧಿ ಕಡಿಮೆ ಮಾಡಿದರು. ಕಲಘಟಗಿಯ ಸಿಸ್ಟರ್ ರಟ್ಟಿನ ಮೇಲೆ ಅಕ್ಷರಮಾಲೆ ಬರೆದು ತಂದಳು. ಅವಳು ಒಂದೊಂದೇ ಅಕ್ಷರಕ್ಕೆ ಬೆರಳಿಡುತ್ತ ಹೋಗುವುದು. ಬೇಕಾದ ಅಕ್ಷರ ಬಂದಾಗ ಶಕುಂತಲೆ ಮೇಲೆ ನೋಡುವುದು. ಹೌದು ಅನ್ನಲೂ ಮೇಲೆ ನೋಡುವುದು, ಇಲ್ಲ ಅನ್ನಲು ಪಕ್ಕಕ್ಕೆ.

ಅಂದು ಸಂಜೆ ಐದಕ್ಕೆ ಒಳಗೆ ಹೋದಾಗ ಸಿಸ್ಟರ್ ಅಂದಳು, "ಕಾಕಾ, ನಿಮಗ ಏನೋ ಕೇಳಬೇಕಂತ್ರಿ ಅವ್ರು."

ಸ. ಬೆರಳು ಮತ್ತೆ ಮೊದಲಿನಿಂದ. ಯ. ಮತ್ತೆ ಮೊದಲಿನಿಂದ. ತ. ಆಮೇಲೆ ನ. ಇಷ್ಟಕ್ಕೇ ಏಳು ನಿಮಿಷವಾಯಿತು. ಸಿಸ್ಟರ್‌ಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

"ಸಾಯತೇನೇನು?"

"ಏ ಹುಚ್ಚಿ, ಹಂಗ್ಯಾಕಂತಿ, ಎಲ್ಲಾ ಆರಾಮ ಆಗತೈತಿ" ಅಂದೆ. ಅವಳು ಕಣ್ಣು ಪಕ್ಕಕ್ಕೆ ತಿರುಗಿಸಿದಳು. ಇಲ್ಲ. ಟೈಮ್ ಆಯಿತೆಂದು ನನ್ನನ್ನು ಹೊರಗೆ ಕಳಿಸಿದರು.

ಸರೋಜಕ್ಕನಿಗೆ ಫೋನ್ ಮಾಡಿದೆ. "ಹೇಳಬ್ಯಾಡ್ರಿ ಅಂದ್ರ ಹೇಳಬ್ಯಾಡ್ರಿ. ಎದಿ ಒಡದು ಹೋದಾಳು" ಅಂದಳು. ಅವಳ ಮಾತೇ ನಿಜವಾಗಿಬಿಟ್ಟರೆ? ಆ ಭಯ ನನ್ನನ್ನು ಬಿಡಲಿಲ್ಲ. ಟಿವಿಯ ಕಡೆ ಬೆನ್ನು ಮಾಡಿ ಕೂತೆ. ಕೇಳಲು ಇನ್ನೊಬ್ಬರಿರಲಿಲ್ಲ. ಇಂಥದ್ದನ್ನೆಲ್ಲ ನಾನು ಕೇಳುತ್ತಿದ್ದದ್ದು ಶಕುಂತಲೆಯನ್ನೇ.

ಮರುದಿನ ಡಾಕ್ಟರನ್ನು ವರಾಂಡದಲ್ಲೇ ಹಿಡಿದು ನಿಲ್ಲಿಸಿ ಎಲ್ಲ ಕೇಳಿಕೊಂಡೆ. ಹನ್ನೊಂದಕ್ಕೆ ಒಳಗೆ ಹೋದೆ. ಹಣೆ ಸವರಲಿಲ್ಲ. ಮೆತ್ತಗಿನ ದನಿಯನ್ನೂ ತೆಗೆಯಲಿಲ್ಲ. ಸುಟ್ಟ ಮೋಟರ್ ತಂದ ಗಿರಾಕಿಗೆ ಹೇಳುವಂತೆ ಹೇಳಿದೆ.

"ಇಲ್ಲೆ ಕೇಳು. ಬಿ ಟ್ವೆಲ್ವ್ ಅಂದದ್ದು ಸುಳ್ಳು. ಇದರ ಹೆಸರು ಜಿಬಿಎಸ್, ಗಿಲಾನ್ ಬಾರೆ ಅಂತ. ನಿನ್ನ ನರದ ಮ್ಯಾಲಿನ ಇನ್ಸುಲೇಶನ್ ಹೋಗೇತಿ. ಒಳಗಿನ ತಂತಿ ಬಹಳಷ್ಟು ಛಲೋ ಅದಾವು. ಇನ್ಸುಲೇಶನ್ ತಾನ ಬೆಳೀತೈತಿ, ನಾ ಸುತ್ತೂದ ಬೇಕಾಗಿಲ್ಲ. ತಿಂಗಳು ಹಿಡೀಬಹುದು, ವರ್ಷಾನೂ ಹಿಡೀಬಹುದು. ಇದ್ರಾಗ ಕೆಲವು ಮಂದಿ ಸಾಯತಾರ, ಸುಳ್ಳ್ಯಾಕ ಹೇಳ್ಲಿ. ಭಾಳ ಮಂದಿ ಬದಕ್ತಾರ. ನೀ ಸಾಯಾಕತ್ತಿಲ್ಲ ಅಂತ ಇವತ್ತ ಡಾಕ್ಟರ್ ಹೇಳ್ಯಾರ. ನಾಳಿದು ನಾಳೆ ಕೇಳಿ ಹೇಳ್ತೇನಿ."

ಅವಳು ಕಣ್ಣು ಕದಲಿಸದೇ ಕೇಳಿದಳು.

"ಮತ್ತ ಆ ಮುದುಕ ಸತ್ತ. ಗುರುವಾರನ ಸತ್ತ."

ಅವಳು ಮೇಲೆ ನೋಡಿದಳು. ಹೌದು, ಗೊತ್ತು.

ಅಂದು ಮಧ್ಯಾಹ್ನ ಅವಳು ಎರಡು ತಾಸು ಗಾಢ ನಿದ್ದೆ ಮಾಡಿದಳೆಂದು ಸಿಸ್ಟರ್ ಹೇಳಿದಳು. ಬಂದಾಗಿನಿಂದ ಅಂಥ ನಿದ್ದೆ ಮಾಡಿರಲಿಲ್ಲವಂತೆ.

ಆಮೇಲಿನದು ನಿಧಾನದ ಕಥೆ. ಭುಜ ಅಲುಗಿತು. ಬೆರಳು ಅಲುಗಿತು. ಯಂತ್ರವಿಲ್ಲದೇ ಹತ್ತು ನಿಮಿಷ, ಆಮೇಲೆ ಒಂದು ತಾಸು, ಆಮೇಲೆ ಇಡೀ ದಿನ ಉಸಿರಾಡಿದಳು. ವಾರ್ಡಿಗೆ ಬಂದ ಮೇಲೆ ಒಂದು ದಿನ ಗಂಟಲ ನಳಿಕೆಗೆ ಬಿರಡೆ ಹಾಕಿದರು. ಸಣ್ಣ, ಒಡಕು ದನಿ ಬಂತು. ಅಂದೇ ಕೇಳಿದೆ, ಸಾಯುತ್ತೇನೆಂದು ಯಾಕೆ ಅನ್ನಿಸಿತು ಎಂದು.

"ನೀವು ಮಾತಾಡಾಕತ್ತಿದ್ರಲ್ಲಾ" ಅಂದಳು. "ಇಪ್ಪತ್ತೆಂಟ ವರ್ಷದಾಗ ಇಲ್ಲದ್ದು ಹಣಿ ಸವರಿ ಸವರಿ ಮಾತು! ಧಾರಾವಾಹ್ಯಾಗ ಗಂಡ ಹಂಗ ಕುಂತು ಮಾತಾಡಿದ್ನಂದ್ರ ಮುಗೀತು, ಮರುದಿನ ಆ ಕಾಟ್ ಖಾಲಿ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ದಮ್ಮು ತಗೊಂಡು ಮತ್ತೆ ಹೇಳಿದಳು.

"ಮತ್ತ ವೆಂಟಿಲೇಟರ್ ಹಾಕಿದ ಮುದುಕ ಮನಿಗೆ ಹೋದ ಅಂದ್ರಿ. ಧಾರಾವಾಹ್ಯಾಗ ಅಂಥಾವ ಎಂದಾದ್ರೂ ಹೋಗ್ಯಾನೇನ್ರಿ? ಅವಂದು ಸುಳ್ಳು ಹೇಳಿದ್ರಂದ್ರ ನಂದೂ ಸುಳ್ಳ ಅಂತ ತಿಳಕೊಂಡೆ. ಎಲ್ಲಾರೂ ಸುತ್ತ ನಿಂತಿದ್ರಿ. ಎಲ್ಲಾರಿಗೂ ಗೊತ್ತಿತ್ತು. ನಾ ಒಬ್ಬಾಕೀನ ಇದ್ದೆ."

ಹಾಲ್‌ನಲ್ಲಿ ಕೂತು ನನ್ನಷ್ಟು ಒಂಟಿ ಯಾರೂ ಇಲ್ಲವೆಂದು ಮರುಗಿದವನು ನಾನು. ಗೋಡೆಯ ಆಚೆ ಅವಳು ತನ್ನ ಸಾವನ್ನು ಒಬ್ಬಳೇ ಎದುರಿಸುತ್ತ ಮಲಗಿದ್ದಳು, ಅದೂ ಬಾರದ ಸಾವನ್ನು. ಅವಳನ್ನು ಅಲ್ಲಿಗೆ ತಳ್ಳಿದ್ದು ರೋಗವಲ್ಲ, ನಾನು. ಪ್ರೀತಿಯಿಂದಲೇ ತಳ್ಳಿದ್ದೆ. ಅವಳ ಕೈ ಹಿಡಿದುಕೊಂಡೆ; ತಪ್ಪಾಯಿತು ಅಂದೆ.

ಈಗ ಐದು ತಿಂಗಳಾಗಿದೆ. ವಾಕರ್ ಹಿಡಿದು ಮನೆಯೊಳಗೆ ಹತ್ತು ಹೆಜ್ಜೆ ಹಾಕುತ್ತಾಳೆ. ಹೊರಗೆ ವೀಲ್‌ಚೇರ್. ಪಾದಗಳಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ. ಆ ಸಿಸ್ಟರಿಗೆ, ಆ ಡಾಕ್ಟರಿಗೆ ನಾವು ದಿನಕ್ಕೊಮ್ಮೆಯಾದರೂ ಕೈ ಮುಗಿಯುತ್ತೇವೆ. ಪೂರ್ತಿ ವಾಸಿಯಾದಳು ಅನ್ನಲು ಮಾತ್ರ ಇನ್ನೂ ಧೈರ್ಯವಿಲ್ಲ.

ಹೋದ ವಾರ ಫಾಲೋಅಪ್‌ಗೆ ಹೋಗಿದ್ದೆವು. ಡಾಕ್ಟರು ಅವಳ ಮೊಣಕಾಲು ಬಡಿದು ನೋಡಿ, ಹೊಸ ರಿಪೋರ್ಟ್ ತಿರುವಿ, ರೂಢಿಯಂತೆ ನನ್ನ ಕಡೆ ಮುಖ ಮಾಡಿ "ಇವ್ರಿಗೆ..." ಎಂದು ಶುರು ಮಾಡಿದರು.

"ಆಕೀಗೇ ಹೇಳ್ರಿ ಸರ್" ಅಂದೆ.

ಡಾಕ್ಟರು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. ಶಕುಂತಲೆ ಸೆರಗು ಸರಿಮಾಡಿಕೊಂಡಳು.

"ನಾ ಒಬ್ಬಾಕೀನ ಬಸ್ ಹತ್ತಿ ಗದಗಿಗೆ ಹೋಗೂವಂಗ ಆಗತೇನೇನ್ರಿ ಸರ್?"

"ಗೊತ್ತಿಲ್ಲರಿ ತಾಯಿ" ಅಂದರು ಡಾಕ್ಟರು. "ಆಗಬಹುದು. ಪಾದದಾಗ ಸ್ವಲ್ಪ ಶಕ್ತಿ ಕಡಿಮಿ ಉಳಿದರೂ ಉಳೀಬಹುದು. ಇನ್ನೂ ಆರ ತಿಂಗಳಾದ ಮ್ಯಾಲೆ ಹೇಳ್ತೇನಿ."

ನಾನಾಗಿದ್ದರೆ ಹೌದು ಅಂದುಬಿಡುತ್ತಿದ್ದೆ. ಅವಳು ತಲೆಯಾಡಿಸಿದಳು. ಮುಖದಲ್ಲಿ ಗಾಬರಿ ಇರಲಿಲ್ಲ.

ಹೊರಗೆ ಬಂದ ಮೇಲೆ ನನ್ನ ಕಂಕುಳಲ್ಲಿದ್ದ ಫೈಲ್ ಕೇಳಿ ಇಸಿದುಕೊಂಡಳು. ಬೆರಳ ಹಿಡಿತ ಇನ್ನೂ ಗಟ್ಟಿಯಿಲ್ಲ, ಎರಡು ಹಾಳೆ ಜಾರಿ ಕೆಳಗೆ ಬಿದ್ದವು. ಬಗ್ಗಿ ಎತ್ತಿದೆ. ಇಂಗ್ಲಿಷಿನಲ್ಲಿದ್ದವು.

"ಅದ್ರಾಗ ಏನ ಬರದೈತಿ?"

"ಅದೇನಿಲ್ಲ..." ಎಂದು ಬಾಯಿ ತೆರೆದವನು ತಡೆದುಕೊಂಡೆ.

"ಓದ್ರಿ" ಅಂದಳು. "ಮೊದಲಿಂದ ಓದ್ರಿ. ನಡುವ ಏನೂ ಬಿಡಬ್ಯಾಡ್ರಿ."

ವರಾಂಡದ ಬೆಂಚಿನ ಮೇಲೆ ಅವಳ ಪಕ್ಕಕ್ಕೆ ಕೂತು, ಚಾಳೀಸು ಹಾಕಿಕೊಂಡು, ಪೇಷಂಟ್ ನೇಮ್ ಅನ್ನುವಲ್ಲಿಂದ ಓದತೊಡಗಿದೆ.