ಪರಾಸ್ಕಾ ತೂಗಿಬಿಟ್ಟ ಕಲ್ಲು

ಪರಾಸ್ಕಾ ಹ್ರಿಹೋರ್ಚುಕ್ ತನ್ನ ಐವತ್ತೆಂಟನೆಯ ವಯಸ್ಸಿನವರೆಗೂ ಭೂಮಿ ತಿರುಗುತ್ತದೆಂದು ಒಪ್ಪಿರಲಿಲ್ಲ. ದಡ್ಡಿ ಎಂದು ನಗುವವರು ನಗಲಿ. ನಮ್ಮ ಲಿಪೋವ್ಕಾದಲ್ಲಿ ಒಪ್ಪಿದವರೇನು ಕಣ್ಣಾರೆ ಕಂಡು ಒಪ್ಪಿದ್ದರೇ? ಮೇಷ್ಟ್ರು ಹೇಳಿದರೆಂದು ತಲೆಯಾಡಿಸಿದ್ದರು. ಇವಳು ಆಡಿಸಲಿಲ್ಲ, ಅಷ್ಟೇ.

ಅವಳಿಗೆ ಒಂಬತ್ತು ವರ್ಷವಿದ್ದಾಗ ಅಂದಿನ ಮೇಷ್ಟ್ರು ಪಾಠ ಮಾಡಿದ್ದರು: ಸೂರ್ಯ, ಚಂದ್ರ, ನಕ್ಷತ್ರಗಳು ದಿನವೂ ನಮ್ಮನ್ನು ಸುತ್ತುವುದಿಲ್ಲ, ಭೂಮಿ ಪೂರ್ವಕ್ಕೆ ತಿರುಗುವುದರಿಂದ ಅವು ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ, ರೈಲಿನಲ್ಲಿ ಕೂತವರಿಗೆ ತಂತಿಕಂಬಗಳು ಹಿಂದಕ್ಕೆ ಓಡಿದಂತೆ. ಹುಡುಗಿ ಎದ್ದು ನಿಂತು, "ರೈಲು ಕುಲುಕುತ್ತೆ. ಭೂಮಿ ಯಾಕೆ ಕುಲುಕಲ್ಲ? ತೋರ್ಸಿ" ಎಂದಳು. ತೋರಿಸುವ ಬದಲು ಮೇಷ್ಟ್ರು ಅವಳನ್ನು ಹೊರಗೆ ಹಿಮದಲ್ಲಿ ನಿಲ್ಲಿಸಿದರು. ಎಡಗಾಲಿನ ಕಿರುಬೆರಳು ಸತ್ತುಹೋಯಿತು. ಆಮೇಲೆ ಅವಳು ಶಾಲೆಯ ಕಡೆ ತಲೆಹಾಕಲಿಲ್ಲ. ಹಸು ಕರೆದಳು, ಮದುವೆಯಾದಳು, ಗಂಡನನ್ನು ಮಣ್ಣು ಮಾಡಿದಳು, ಕೊನೆಗೆ ಅದೇ ಶಾಲೆಗೆ ಪೊರಕೆ ಹಿಡಿದು ಬಂದಳು. ಹದಿನಾರು ವರ್ಷ ಗುಡಿಸಿದಳು.

೧೯೬೧ರ ಏಪ್ರಿಲ್‌ನಲ್ಲಿ, ಮನುಷ್ಯನೊಬ್ಬ ಮೊದಲ ಸಲ ಆಕಾಶಕ್ಕೇರಿ ಭೂಮಿ ಸುತ್ತಿ ಬಂದ ಸುದ್ದಿ ಕೇಳಿ, ಮಕ್ಕಳು ಅವಳನ್ನು ಕೇಳಿದರು, "ಅಜ್ಜಿ, ಭೂಮಿ ತಿರುಗುತ್ತಾ?"

"ನಾನಂತೂ ನೋಡಿಲ್ಲ. ನೀವು ನೋಡಿದೀರಾ?"

ಮಾತು ಹೆಡ್‌ಮಾಸ್ಟರ್ ಹೆಸ್ಕೆತ್ ಕಿವಿಗೆ ಬಿತ್ತು. ಆತ ಕೆಂಡವಾದ.

"ಶುಕ್ರವಾರ ಮಕ್ಕಳ ಮುಂದೆ ನಿಂತು ತಪ್ಪಾಯ್ತು ಅನ್ನು. ಇಲ್ಲ, ಪೊರಕೆ ಇಟ್ಟು ಮನೆಗೆ ನಡಿ."

"ಮೊದ್ಲು ತೋರ್ಸಿ ಸಾರ್."

"ತೋರಿಸೋಕೆ ಎಪ್ಪತ್ತಡಿ ಎತ್ತರದ ಗೋಪುರ ಬೇಕಮ್ಮ! ಮೇಲಿಂದ ಭಾರದ ಗುಂಡು ಇಳಿಬಿಡ್ಬೇಕು. ಪಕ್ಕಕ್ಕೆಳೆದು ದಾರದಲ್ಲಿ ಕಟ್ಟಿ, ಆ ದಾರ ಸುಡ್ಬೇಕು. ಗುಂಡು ಒಂದೇ ಗೆರೇಲಿ ತೂಗ್ತಾ ಇರುತ್ತೆ, ಕೆಳಗಿನ ನೆಲ ತಿರುಗುತ್ತೆ. ಇಪ್ಪತ್ನಾಲ್ಕು ಗಂಟೇಲಿ ಪೂರ್ತಿ ಒಂದು ಸುತ್ತು. ಈ ಊರಲ್ಲಿ ಅಂಥ ಗೋಪುರ ಎಲ್ಲಿದೆ?"

ರೈಲುಹಳಿಯ ಪಕ್ಕದಲ್ಲೇ ಇತ್ತು, ಗೋಪುರದಷ್ಟೇ ಎತ್ತರದ, ಗೋಧಿ ತುಂಬುವ ಮರದ ಉಗ್ರಾಣ. ಅದನ್ನು ನೋಡಿಕೊಳ್ಳುತ್ತಿದ್ದವನು ಅವಳ ಮೈದುನ ನೆಸ್ಟರ್.

"ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡಿ ಅತ್ತಿಗೆ. ಕೆಲಸ ಉಳಿಯುತ್ತೆ."

"ಆವತ್ತೇ ಅಂದಿದ್ರೆ ಬೆರಳೂ ಉಳೀತಿತ್ತು. ನಿನ್ನ ಕರ್ಲಿಂಗ್ ಕಲ್ಲು ಕೊಡು."

"ಅಯ್ಯೋ, ಅದು ನಾನು ಮಂಜುಗಡ್ಡೆ ಮೇಲೆ ಜಾರಿಸಿ ಗೆಲ್ಲೋ ಕಲ್ಲು!"

"ನೀನು ಗೆದ್ದಿದ್ದನ್ನೂ ನಾನು ನೋಡಿಲ್ಲ ಬಿಡು."

ಸೂರಿನಿಂದ ಉಕ್ಕಿನ ತಂತಿ ಇಳಿಯಿತು, ತುದಿಗೆ ನಲವತ್ತು ಪೌಂಡಿನ ಕಲ್ಲು, ಕಲ್ಲಿನಡಿ ಒಂದು ಮೊಳೆ. ನೆಲದ ಮೇಲೆ ಗೋಧಿಯ ದಂಡೆ ಸುತ್ತಲೂ ಉಂಗುರದಂತೆ. ಬುಧವಾರ ಕೈಯಿಂದ ಬಿಟ್ಟಾಗ ಕಲ್ಲು ಸೊಟ್ಟಗೆ ಸುತ್ತಿ ಸುತ್ತಿ ಎಲ್ಲವನ್ನೂ ಕೆಡಿಸಿತು.

"ಕಡ್ಡಿಪೆಟ್ಟಿಗೆ ಕೊಡು, ದಾರ ಸುಡ್ತೀನಿ."

"ಉಗ್ರಾಣದೊಳಗೆ ಬೆಂಕಿಯಾ? ಗೋಧಿ ಧೂಳಿಗೆ ಕಿಡಿ ತಾಗಿದ್ರೆ ತಿರುಗೋದು ಭೂಮಿಯಲ್ಲ ಅತ್ತಿಗೆ, ನಾವು, ಆಕಾಶದಲ್ಲಿ!"

ಕತ್ತರಿ ಹಾಕಿದರೂ ಕಲ್ಲು ಅಲುಗಿತು. ಪರಾಸ್ಕಾ ಬಿಡುವವಳೇ? ದಾರದ ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ರಾತ್ರಿಯಿಡೀ ಹೊರಗಿಟ್ಟಳು. ಬೆಳಗ್ಗೆ ನೀರು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಬಕೆಟ್ಟನ್ನು ಬಾಗಿಲ ಬಿಸಿಲಿನಲ್ಲಿ ಬಿಗಿದು, ಅದರಿಂದ ಬಂದ ದಾರಕ್ಕೆ ಕಲ್ಲನ್ನು ಎಳೆದು ಕಟ್ಟಿ ಕಾದಳು. ಒಂಬತ್ತರ ಹೊತ್ತಿಗೆ ಮಂಜುಗಡ್ಡೆ ಕರಗಿ ದಾರವನ್ನು ಬಿಟ್ಟಿತು. ಯಾರೂ ಮುಟ್ಟದೆ ಕಲ್ಲು ನೆಟ್ಟಗೆ ಹೊರಟಿತು.

ಮೊಳೆ ಗೋಧಿಯ ದಂಡೆಯನ್ನು ಒಂದು ಕಡೆ ಕೆಡವಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲಿ ಕೆಡವಿತು, ಮತ್ತೆ ಅದರ ಪಕ್ಕ. ಬಾಗಿಲಿನಿಂದ ಬಿದ್ದ ಬಿಸಿಲೂ ಅದೇ ಕಡೆಗೆ ಸರಿಯುತ್ತಿತ್ತು. ಪರಾಸ್ಕಾಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಇಷ್ಟನ್ನು ತೋರಿಸಿದ್ದರೆ ಸಾಕಿತ್ತು. ಒಂದು ಕಲ್ಲು, ಒಂದು ತಂತಿ, ಒಂದು ಹಿಡಿ ಗೋಧಿ!

ಆದರೆ ಮಧ್ಯಾಹ್ನ ಮೂರಕ್ಕೆ, ಆರು ಗಂಟೆ ಕಳೆದ ಮೇಲೆ, ಕಾಲು ಸುತ್ತು ಆಗಿರಲಿಲ್ಲ. ಕಾಲು ಸುತ್ತಿನಲ್ಲಿ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಆಗಿತ್ತು.

"ನಮ್ಮೂರಲ್ಲಿ ಭೂಮಿಯೂ ಸೋಮಾರಿ" ಎಂದ ನೆಸ್ಟರ್.

ಸಂಜೆ ತರಗತಿ ಗುಡಿಸುವಾಗ ಅವಳು ಮೇಜಿನ ಮೇಲಿನ ಭೂಗೋಳಕ್ಕೆ ಮೂರು ಗುಂಡುಪಿನ್ನು ಚುಚ್ಚಿ ತಿರುಗಿಸಿದಳು. ಧ್ರುವವಿರುವ ನೆತ್ತಿಯ ಪಿನ್ನು ನಿಂತಲ್ಲೇ ಬುಗುರಿಯಾಯಿತು. ಹೊಟ್ಟೆಯ ಮೇಲಿನದು ನಿಂತಲ್ಲಿ ತಿರುಗಲೇ ಇಲ್ಲ, ಸುಮ್ಮನೆ ಹೊತ್ತೊಯ್ಯಲ್ಪಟ್ಟಿತು. ಲಿಪೋವ್ಕಾದ ಪಿನ್ನಿನದು ಅದರಲ್ಲಿಷ್ಟು, ಇದರಲ್ಲಿಷ್ಟು; ಅದಕ್ಕೇ ಇಲ್ಲಿ ಸುತ್ತು ಮುಗಿಯಲು ಹೆಚ್ಚು ಹೊತ್ತು. ಅವಳು ಬಾಯಿತುಂಬ ನಕ್ಕಳು.

ಶುಕ್ರವಾರ ಮಕ್ಕಳ ಮುಂದೆ ನಿಂತಳು.

"ಭೂಮಿ ತಿರುಗುತ್ತೆ. ನಾನು ನೋಡ್ದೆ."

"ಸರಿ, ತಪ್ಪಾಯ್ತು ಅನ್ನು" ಎಂದ ಹೆಸ್ಕೆತ್.

"ಗೊತ್ತಿರ್ಲಿಲ್ಲ, ಅದು ನಿಜ. ಕೇಳಿದ್ದು ತಪ್ಪಲ್ಲ. ಇನ್ನೊಂದು ಮಾತು ಸಾರ್, ನಿಮ್ಮ ಇಪ್ಪತ್ನಾಲ್ಕು ಗಂಟೆ ಲೆಕ್ಕ ಧ್ರುವದಲ್ಲಿ ಸರಿ. ಇಲ್ಲಿ ಗುಂಡಿಗೆ ಮೂವತ್ತೊಂದು ಗಂಟೆ ಬೇಕು."

"ಯಾರು ಹೇಳಿದ್ದು? ಸಾಧ್ಯವೇ ಇಲ್ಲ. ನಾನು ನಂಬಲ್ಲ!"

ಐವತ್ತು ವರ್ಷ ಆ ಮಾತಿಗೆ ಬೈಸಿಕೊಂಡವಳು ಅವನ ಮುಖವನ್ನೇ ನೋಡಿದಳು. ಪೊರಕೆಯನ್ನು ಅವನ ಮೇಜಿಗೆ ಒರಗಿಸಿಟ್ಟಳು.

"ನಂಬಬೇಡಿ ಸಾರ್. ನನಗೆ ಹಿಂದೆ ಮಾಡಿದ ಹಾಗೆ ನಿಮ್ಮನ್ನ ಹಿಮದಲ್ಲಿ ನಿಲ್ಸಲ್ಲ. ಕೋಟು ಹಾಕ್ಕೊಳ್ಳಿ, ತೋರಿಸ್ತೀನಿ."

ಮೊದಲು ಎದ್ದು ಕೋಟು ಹಾಕಿಕೊಂಡವರು ಮಕ್ಕಳು. ಹೆಡ್‌ಮಾಸ್ಟರ್ ಕೊನೆಗೆ ಎದ್ದ.