ಇಂಬ್ರನ ಪೀಪಾಯಿಯ ಹಗುರ ನೀರು

ಇಂಬ್ರನ ಜಂಬ ಏನೆಂದು ನೆರೆಯವನಾದ ನನ್ನನ್ನು ಕೇಳಬೇಕು. ಮಾರ್ಟಿನ್ ಹಬ್ಬದಂದು ಬಿಷಪ್ಪನ ವೇಷ ಹಾಕಿ, ಹೊಸ ದ್ರಾಕ್ಷಿರಸಕ್ಕೆ ದೀಕ್ಷೆ ಕೊಟ್ಟು ಅದನ್ನು ವೈನ್ ಮಾಡುವ ಗೌರವ ನಮ್ಮ ಜಾಗೊರ್ಯೆ ಗುಡ್ಡದಲ್ಲಿ ಅವನದೇ. ಕಾಗದದ ಟೋಪಿ ತಲೆಗೇರಿದರೆ ಅವನಿಗೆ ನೆಲ ಕಾಣುವುದಿಲ್ಲ. ಹೃದಯಾಘಾತದಿಂದ ಚೇತರಿಸಿಕೊಂಡ ಮೇಲಂತೂ, ತನ್ನ ವೈನ್ ಈಚೆಗೆ ಬಲು ಮೃದುವಾಗಿದೆ ಎಂದು ಕಂಡಕಂಡವರಿಗೆಲ್ಲ ಕುಡಿಸುತ್ತಿದ್ದ.

ಈ ಸಲ ಎದುರುಮನೆಯ ವಿಂಕೊ ಕೆಣಕಿದ. "ನೀರು ಬೆರೆಸ್ತೀಯಂತಲ್ಲೋ?"

"ಒಂದು ತೊಟ್ಟು ಸಿಗ್ಲಿ, ಬಿಷಪ್ಪನ ಟೋಪಿ ನಿನ್ ತಲೆಗೆ!" ಎಂದು ಇಂಬ್ರ ಗುಡುಗಿದ.

ಅವನ ಮಗಳು ವೆರಿಚ ಜಾಗ್ರೆಬ್‌ನ ಪ್ರಯೋಗಾಲಯದಲ್ಲಿ ವೈನ್ ಪರೀಕ್ಷಿಸುವವಳು. ಇಂಬ್ರನ ವೈನಿನ ಒಂದು ಶೀಶೆ ಪರೀಕ್ಷೆಗೆಂದು ಅವಳ ಕೈಗೆ ಹೋಯಿತು. ಹಬ್ಬದ ಹಿಂದಿನ ದಿನ ಅವಳು ಫಲಿತಾಂಶ ಹಿಡಿದು ಇಂಬ್ರನ ನೆಲಮಾಳಿಗೆಗೆ ಬಂದಾಗ ನಾನೂ ಅಲ್ಲೇ ಲೋಟ ಹಿಡಿದು ಕೂತಿದ್ದೆ.

"ಅಪ್ಪಾ, ನಲ್ಲಿ ನೀರಿದೆ."

"ನೀರಿಗೇನು ಹೆಸರು ಬರೆದಿರುತ್ತಾ?"

"ನೀರಲ್ಲಿರೋದು ಆಮ್ಲಜನಕ ಅಂದ್ಮೇಲೆ ಎಂಟು ಪ್ರೋಟಾನು, ಎಂಟು ಎಲೆಕ್ಟ್ರಾನು ಇದ್ದೇ ಇರುತ್ತೆ. ನ್ಯೂಟ್ರಾನು ಮಾತ್ರ ಹೆಚ್ಚಿನವಕ್ಕೆ ಎಂಟು, ಅಪರೂಪಕ್ಕೆ ಹತ್ತು. ಹತ್ತಿರೋ ನೀರು ಭಾರ. ಬಿಸಿಲಿಗೆ ಎಲೆಯಿಂದ ಹಗುರದ ನೀರು ಬೇಗ ಹಾರುತ್ತೆ, ಭಾರದ್ದು ಹಣ್ಣಲ್ಲಿ ಹೆಚ್ಚು ಉಳಿಯುತ್ತೆ. ನಲ್ಲಿ ನೀರು ಬಿಸಿಲು ಕಂಡಿಲ್ವಲ್ಲ, ಹಗುರ. ನಿನ್ನ ವೈನೂ ಹಗುರ."

"ಯಾವ ಕಳ್ಳ ನನ್ ಪೀಪಾಯಿ ಮುಟ್ಟಿದ್ದು? ಅವನ ಕೈ ಮುರೀತೀನಿ!"

ಮೆಟ್ಟಿಲ ಮೇಲೆ ಈರುಳ್ಳಿ ಹೆಣೆಯುತ್ತಿದ್ದ ಹೆಂಡತಿ ಯಾಗ ತಲೆಯೆತ್ತಲಿಲ್ಲ. "ಮುರಿ. ಆಮೇಲೆ ಅಡುಗೆ ನೀನೇ ಮಾಡ್ಕೊ."

ಇಂಬ್ರ ಗಿರ್ರನೆ ಅವಳತ್ತ ತಿರುಗಿದ. ಯಾಗ ಹೆಣೆಯುತ್ತಲೇ ಇದ್ದಳು.

"ಡಾಕ್ಟ್ರು ಕುಡಿಯೋದು ಅರ್ಧಕ್ಕೆ ಇಳಿಸ್ಬೇಕು ಅಂದ್ರು. ನಿನಗೆ ಹೇಳಿದ್ರೆ ಕೇಳೋ ಜಾತಿಯಾ ನೀನು? ಪೀಪಾಯಿಗೆ ಹೇಳ್ದೆ."

"ಆಸ್ಪತ್ರೆಯಿಂದ ಬಂದಾಗಿಂದ್ಲೂ?"

"ಹ್ಞೂಂ. ಮೃದುವಾಗಿದೆ ಅಂತ ಹೊಗಳ್ತಿದ್ದೆಯಲ್ಲ, ಮಾರಾಯ!"

ನನಗೆ ನಗು ತಡೆಯಲಾಗಲಿಲ್ಲ. ಇಂಬ್ರ ನನ್ನನ್ನು ಹೊರಗಟ್ಟಿದ.

ಮರುದಿನ ಬಾತುಕೋಳಿ ಹುರಿದ ವಾಸನೆಗೆ ಊರೆಲ್ಲ ಸೇರಿತ್ತು. ಪೀಪಾಯಿ ಕಾಯಲಾರದ ಬಿಷಪ್ಪ ಎಂದು ವಿಂಕೊ ಆಡಿಕೊಳ್ಳುತ್ತಾನೆ, ಯಾಗಳ ಹೆಸರು ಬೀದಿಗೆ ಬರುತ್ತದೆ ಎಂದು ನನಗೆ ದಿಗಿಲು. ಇಂಬ್ರ ಎದ್ದು ನಿಂತು ಟೋಪಿ ತೆಗೆದು ವಿಂಕೊನ ತಲೆಗಿಟ್ಟ.

"ನೀರು ನಾನೇ ಹಾಕಿದ್ದು. ವೈನ್ ಹೆಚ್ಚಾಗ್ಲಿ ಅಂತ ಆಸೆಗೆ ಬಿದ್ದೆ," ಎಂದ.

ಜನ ಹೋ ಎಂದು ನಕ್ಕರು. ಆ ಜಂಬಗಾರ ಅಷ್ಟು ನಗುವನ್ನೂ ನುಂಗಿಕೊಂಡ. ನನಗೆ ಅವನ ಮೇಲೆ ಪ್ರೀತಿ ಉಕ್ಕಿದ್ದು ಆಗಲೇ. ಯಾಗ ತಲೆವಸ್ತ್ರದ ಅಂಚು ಎಳೆದು ಕಣ್ಣೊರೆಸಿಕೊಂಡಳು.

ಇಂಬ್ರ ಅವಳ ಪಕ್ಕ ಬಂದು ಕೂತು ಲೋಟ ಮುಂದೆ ಚಾಚಿದ.

"ಇಷ್ಟು ಸಾಕೋ, ಇನ್ನೂ ಸ್ವಲ್ಪ ನೀರು ಹಾಕ್ತೀಯೋ?"