ನೀರು ಕೊಡುವ ಮೊದಲು ಕೇಳಬೇಕಾದದ್ದು

ಫೆಬ್ರುವರಿ ಹನ್ನೊಂದು, ಬುಧವಾರ, ಮಧ್ಯಾಹ್ನ ಮೂರು ಗಂಟೆ. ಬಸವನ ಬಾಗೇವಾಡಿಯ ನಮ್ಮ ಮನೆಯ ಗೇಟಿನ ಒಳಗೆ ನಾನು. ನನ್ನ ಹಿಂದೆ ನೀರಿನ ತಂಬಿಗೆ ಹಿಡಿದ ನೆಗೆಣ್ಣಿ. ಹೊರಗೆ ಬಿಸಿಲಿನಲ್ಲಿ ಒಂದೇ ಚೀಲ ತಂದಿದ್ದ ಗಂಡ ಹೆಂಡತಿ.

ಕೆಳಮನೆ ಮೈದುನ, ನೆಗೆಣ್ಣಿಯರ ಸಂಸಾರದ್ದು, ಮೇಲಿನ ಕೋಣೆ ನನ್ನದು. ಮುದ್ದೇಬಿಹಾಳದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದ ಮೇಲೆ ಆ ಕೋಣೆಯನ್ನು ಮೊಬೈಲಿನ ಆ್ಯಪಿಗೆ ಹಾಕಿ, ಬಂದುಹೋಗುವವರಿಗೆ ಕೊಡತೊಡಗಿದ್ದೆ. ಸಿಂದಗಿಯಿಂದ ಬಂದ ಮೊದಲ ಗಿರಾಕಿಗಳು ಇಬ್ಬರೆಂದು ಬರೆದು ಆರು ಮಂದಿ ಬಂದರು, ಗೋಡೆಯ ಮೂಲೆಗೆ ಗುಟ್ಕಾ ಉಗುಳಿ ಹೋದರು. ಅಂದಿನಿಂದ ನನ್ನದೊಂದು ನಿಯಮ: ಕೇಳುವುದನ್ನೆಲ್ಲ ಗೇಟಿನಲ್ಲೇ ಕೇಳಬೇಕು, ನೀರು ಕೊಡುವ ಮೊದಲು. ನಮ್ಮ ಕಡೆ ಬಂದವರ ಕೈಗೆ ತಂಬಿಗೆ ಕೊಟ್ಟ ಮೇಲೆ ಅವರು ಬೀಗರ ಸಮ. ಹೊರಗೆ ನಡೆಯಿರಿ ಎನ್ನಲು ಬಾಯಿ ಬರುವುದಿಲ್ಲ.

ನೆಗೆಣ್ಣಿಗೆ ಈ ವ್ಯವಹಾರವೇ ಆಗದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳ ಮಗಳಿಗೆ ಇಂಡಿ ಊರಿನ ಕಡೆಯಿಂದ ಸಂಬಂಧ ಬಂದಿತ್ತು. ಭಾನುವಾರ ಅವರು ನೋಡಲು ಬರುವವರಿದ್ದರು.

“ಕನ್ಯಾ ಇದ್ದ ಮನ್ಯಾಗ ಗುರುತಿಲ್ಲದ ಮಂದಿ ಅಡ್ಡಾಡಿದ್ರ ಏನಂತಾರಕ್ಕಾ? ಈ ಸಂಬಂಧ ತಪ್ಪಿದ್ರ ನೋಡು, ನಿನ್ನಿಂದ ತಪ್ಪಿದಂಗ” ಎಂದು ಬೆಳಿಗ್ಗೆಯೇ ಹೇಳಿದ್ದಳು. ಅವಳಿಗೆ ಗಿರಾಕಿಯೂ ಬೇಡ, ಬಂದವರನ್ನು ಬಿಸಿಲಿನಲ್ಲಿ ನಿಲ್ಲಿಸುವುದೂ ಬೇಡ.

“ಯಾವೂರ್ರಿ?” ಎಂದೆ.

“ತಾಳಿಕೋಟಿರಿ. ದೇವರ ದರ್ಶನಕ್ಕ ಬಂದೀವ್ರಿ” ಎಂದ ಗಂಡಸು.

“ತಾಳಿಕೋಟಿಗೆ ಸಂಜಿಮಟ ಬಸ್ ಅದಾವು. ರಾತ್ರಿ ಉಳಿಯೂದು ಯಾಕ?”

ಅವನು ಹೆಂಡತಿಯ ಮುಖ ನೋಡಿದ. ಅವಳು ನನ್ನನ್ನು ನೋಡಿದಳು. “ಏನ್ರಿ ಅಕ್ಕಾರ, ಪೊಲೀಸ್ ಠಾಣ್ಯಾಗ ಕೇಳಿದಂಗ ಕೇಳಾಕತ್ತೀರಿ.”

“ಠಾಣ್ಯಾಗ ಕುಂದ್ರಿಸಿ ಕೇಳ್ತಾರ. ನಾ ನಿಂದ್ರಿಸಿ ಕೇಳ್ತೇನಿ. ಆಧಾರ್ ಕಾರ್ಡ್ ಕೊಡ್ರಿ.”

ಮರೆತು ಬಂದಿದ್ದೇವೆ ಎಂದರು. ಹಾಗಾದರೆ ಮೆಟ್ಟಿಲು ಹತ್ತುವಂತಿಲ್ಲ ಎಂದೆ. ಆ ಹೆಂಗಸು ಮಾತ್ರ ನನ್ನ ಹೆಗಲ ಮೇಲಿಂದ ಅಂಗಳ, ಬಾಗಿಲು, ಒಗೆದು ಹಾಕಿದ ಬಟ್ಟೆ ಎಲ್ಲವನ್ನೂ ನೋಡುತ್ತಲೇ ಇದ್ದಳು. ನೋಡುತ್ತ ನೋಡುತ್ತ ಕೇಳಿದಳು:

“ಹುಡುಗಿ ಬ್ಯಾಂಕಿನಿಂದ ಎಷ್ಟೊತ್ತಿಗೆ ಬರ್ತಾಳ್ರಿ?”

ಗಂಡ ಅವಳ ಸೆರಗು ಜಗ್ಗಿದ. ಮನೆಯಲ್ಲಿ ಹುಡುಗಿ ಇದ್ದಾಳೆಂದು ನಾನು ಆ್ಯಪಿನಲ್ಲಿ ಬರೆದಿರಲಿಲ್ಲ.

ನನಗಿಂತ ಮೊದಲು ನೆಗೆಣ್ಣಿಗೆ ತಿಳಿಯಿತು. “ಅಕ್ಕಾ, ಗೇಟ್ ತಗಿ. ಇವ್ರು ಇಂಡಿ ಊರಿನ ಗಂಡಿನ ಕಡ್ಯಾವ್ರು.”

“ಹೌದ್ರಿ, ಹುಡುಗನ ಸ್ವಾದರಮಾವ ನಾ” ಎಂದ ಅವನು, ನಾಚಿಕೆಯಿಲ್ಲದೆ. “ಸಂಬಂಧ ಮಾಡೂ ಮುಂದ ಮನಿ ಹೆಂಗೈತಿ ಅಂತ ವಿಚಾರ ಮಾಡೂದು ಎಲ್ಲಾ ಕಡೆ ಐತಿ.”

ಇದೆ, ನಿಜ. ನಾವೂ ಅವರ ಓಣಿಯ ಕಿರಾಣಿ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ವಿಚಾರಿಸಿದ್ದೆವು. ಆದರೆ ಸುಳ್ಳು ಊರು ಹೇಳಿ, ಆ ಹುಡುಗಿಯ ತಲೆಯ ಮೇಲಿನ ಕೋಣೆಯಲ್ಲೇ ಮಲಗಿ, ಅವಳು ಎಷ್ಟೊತ್ತಿಗೆ ಏಳುತ್ತಾಳೆ, ಯಾರೊಡನೆ ಮಾತಾಡುತ್ತಾಳೆ ಎಂದು ಕಾಯುವುದು ವಿಚಾರವಲ್ಲ, ಕಳ್ಳತನ.

“ಓಣ್ಯಾಗ ಕೇಳ್ರಿ, ಊರಾಗ ಕೇಳ್ರಿ. ಸುಳ್ಳ ಹೇಳಿ ಮನಿ ಹೊಗಬ್ಯಾಡ್ರಿ” ಎಂದೆ.

“ಇಂಥಾ ಬಾಯಿ ಇದ್ದ ಮನ್ಯಾಗಿಂದ ಹೆಣ್ಣು ತರೂದ ಕಷ್ಟ ಬಿಡ್ರಿ” ಎಂದಳು ಅವಳು.

“ಬಾಯಿ ನಂದು. ಅದನ್ನೇನು ನಿಮ್ಮ ಮನಿಗೆ ಕಳಸೂದಿಲ್ಲ.”

ನೆಗೆಣ್ಣಿ ನನ್ನನ್ನು ಪಕ್ಕಕ್ಕೆ ಸರಿಸಿ ಅಗುಳಿ ತೆಗೆದಳು. ನೀರು ಕೊಟ್ಟಳು, ಪಡಸಾಲೆಯಲ್ಲಿ ಕೂಡಿಸಿದಳು, ಚಹಾ ಅವಲಕ್ಕಿ ಕೊಟ್ಟಳು, ನನ್ನ ಪರವಾಗಿ ಮತ್ತೆ ಮತ್ತೆ ಕ್ಷಮೆ ಕೇಳಿದಳು. ನಾನು ಕೇಳಲಿಲ್ಲ. ಮೇಲಿನ ಕೋಣೆಯ ಕೀಲಿಯನ್ನೂ ಕೊಡಲಿಲ್ಲ.

ಹೊತ್ತು ಇಳಿಯುವಾಗ ಹುಡುಗಿ ಸ್ಕೂಟಿಯಲ್ಲಿ ಬಂದಳು. ತಾಯಿ ಕಣ್ಸನ್ನೆ ಮಾಡುತ್ತಿದ್ದರೂ ನಡೆದದ್ದನ್ನೆಲ್ಲ ಅವರೆದುರಿಗೇ ಹೇಳಿದೆ. ಅವಳು ಹೆಲ್ಮೆಟ್ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ನೀವು ಬಂದದ್ದು ನಿಮ್ಮ ಹುಡುಗಗ ಗೊತ್ತೈತೇನ್ರಿ?”

ಸೋದರಮಾವ ನಕ್ಕ. “ರೂಮ್ ಹಿಡದು ಕೊಟ್ಟಾಂವನ ಅಂವ.”

“ಹಂಗಾರ ಆದಿತ್ಯವಾರ ಬರೂದು ಬ್ಯಾಡ ಅಂತ ಹೇಳ್ರಿ. ನೋಡೂದು ಮುಗೀತಲ್ಲ.”

ತಾಯಿ ಅವಳ ಕೈ ಹಿಡಿದಳು. ಅವಳು ಬಿಡಿಸಿಕೊಂಡು ಒಳಗೆ ಹೋದಳು. ಗಂಡ ಹೆಂಡತಿ ಚೀಲ ಎತ್ತಿಕೊಂಡು ಬಸ್ ನಿಲ್ದಾಣದ ದಾರಿ ಹಿಡಿದರು. ಹೋಗಿ ಬರುತ್ತೇವೆ ಎನ್ನಲಿಲ್ಲ.

“ಹಾಸ್ಟೆಲ್ ಮಾಡಿದಿ ಮನೀನ” ಎಂದಳು ನೆಗೆಣ್ಣಿ. “ನಿನ್ನ ಶಿಸ್ತಿಗೆ ನನ್ನ ಮಗಳ ಸಂಬಂಧ ಹೋತು.”

“ಮದುವಿ ಆದ ಮ್ಯಾಲ ಗೊತ್ತಾಗಿದ್ರ ಏನ್ಮಾಡ್ತಿದ್ದಿ?”

ಅವಳು ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಒಲೆ ಹೊತ್ತಲಿಲ್ಲ. ಮೈದುನ ಮಸೂತಿ ಹಳ್ಳಿಯ ಹೊಲದಿಂದ ಹಸಿದು ಬರುವ ಹೊತ್ತಾಗಿತ್ತು. ಹಿಟ್ಟು ನಾದಿ ರೊಟ್ಟಿ ಬಡಿದೆ, ಮಧ್ಯಾಹ್ನದ ಬದನೆಕಾಯಿ ಪಲ್ಯ ಬಿಸಿ ಮಾಡಿದೆ. ಹುಡುಗಿ ಬಂದು ತಾನೇ ಬಡಿಸಿಕೊಂಡಳು. ನನ್ನ ಪರ ಇದ್ದಾಳೆಂದು ತಿಳಿದಿದ್ದೆ.

“ದೊಡ್ಡವ್ವ, ಅವ್ರು ಯಾರಂತ ಗೊತ್ತಾದ ಮ್ಯಾಲೆ ನನಗೊಂದು ಫೋನ್ ಮಾಡಬೇಕಿತ್ತು ನೀನು. ಅವ್ರೂ ನನ್ನ ಕೇಳಲಿಲ್ಲ, ನೀನೂ ಕೇಳಲಿಲ್ಲ” ಎಂದಳು.

ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಹೋದೆ. ಸಾಕೆಂದು ಕೈ ಅಡ್ಡ ಇಟ್ಟಳು. ಮೈದುನನ ಪಾಲಿನ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟು, ಹಂಚು ಆರುವ ತನಕ ಕಾದು, ತಿಕ್ಕಿ ತೊಳೆದು ಗೋಡೆಗೆ ಆನಿಸಿಟ್ಟೆ.